ಅರ್ಧ ಮಾತಿನ ಸಾಕ್ಷಿ

ಕರಿಯಪ್ಪ ಸತ್ತ ದಿನ ಬೆಳಿಗ್ಗೆ ಕುಡಿದಿರಲಿಲ್ಲ. ಅದು ನವೀನನಿಗೆ ಗೊತ್ತಿತ್ತು. ಅವನ ಮೂಗಿಗೆ ಗೊತ್ತಿತ್ತು. ಅವತ್ತೂ ಅವನು ಕರಿಯಪ್ಪನ ಬೆನ್ನ ಮೇಲೇ ಶಿವಮೊಗ್ಗಕ್ಕೆ ಹೋಗಿದ್ದ.

ಭದ್ರಾವತಿಯ ಜನ್ನಾಪುರದ ಒಂದು ವಠಾರದಲ್ಲಿ ಇಬ್ಬರ ಮನೆಯೂ ಎದುರುಬದುರು. ನವೀನನಿಗೆ ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದಿತ್ತು. ಹೆರಿಗೆ ತಡವಾಗಿ ಉಸಿರು ನಿಂತಿತ್ತು, ಆಮೇಲೆ ಬಂತು. ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಂಡವು. ಕೈ ಹೇಳಿದ ಕಡೆ ಹೋಗಲಿಲ್ಲ. ಬಲಗೈ ತೋರುಬೆರಳಿನ ಗೆಣ್ಣೊಂದು ಅಷ್ಟಿಷ್ಟು ಹೇಳಿದ್ದು ಕೇಳುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಬರೀ ಸ್ವರ. ತಲೆ ಮಾತ್ರ ನೆಟ್ಟಗಿತ್ತು. ಎದುರಿಗೆ ನಿಂತು ಜನ ಆಡುವುದೆಲ್ಲ ಅವನಿಗೆ ತಿಳಿಯುತ್ತಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ ಅವನನ್ನು ಕಂಡಾಗೆಲ್ಲ ‘ಪಾವಂ’, ಅಯ್ಯೋ ಪಾಪ, ಅನ್ನುತ್ತಿದ್ದಳು. ಅದೂ ತಿಳಿಯುತ್ತಿತ್ತು.

ಅಪ್ಪ ಅನ್ನುವವನು ಮಗ ನಡೆಯುತ್ತಾನೇನೋ ಅಂತ ಕೆಲವು ವರ್ಷ ಕಾದ. ಮಗ ನಡೆಯಲಿಲ್ಲ. ಅಪ್ಪನೇ ನಡೆದ. ತಾಯಿ ಪದ್ಮಮ್ಮ ಹಾಸ್ಟೆಲಿನ ಅಡಿಗೆಮನೆಯಲ್ಲಿ ಪಾತ್ರೆ ಉಜ್ಜಿ ಮಗನನ್ನು ಸಾಕಿದಳು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರ ಬರೆದು ಕಲಿಸಿದಳು. ಕಂಪ್ಯೂಟರನ್ನು ಅವನು ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಕೂತು ಕೂತು ಕಲಿತ.

ಕರಿಯಪ್ಪ ಮೊದಲು ಕಾರ್ಖಾನೆಯಲ್ಲಿ ಗುತ್ತಿಗೆ ಆಳು. ಆ ಕೆಲಸ ನಿಂತ ಮೇಲೆ ಶಿವಮೊಗ್ಗದ ಸವಳಂಗ ರಸ್ತೆಯ ಗ್ರಾನೈಟ್ ಅಂಗಡಿಗೆ ಸೇರಿದ. ಲಾರಿಯಿಂದ ಕಲ್ಲು ಇಳಿಸುವುದು, ಲಾರಿಗೆ ಕಲ್ಲು ಏರಿಸುವುದು. ಯಜಮಾನ ಷಡಕ್ಷರಪ್ಪ ಕಂಪ್ಯೂಟರಿಗೆ ಆಳು ಹುಡುಕುತ್ತಿದ್ದಾಗ ಹೇಳಿದವನು ಅವನೇ.

‘ನಮ್ಮ ವಠಾರದಲ್ಲಿ ಒಬ್ಬ ಇದಾನೆ ಯಜಮಾನ್ರೇ. ನಡಿಯಕ್ಕಾಗಲ್ಲ, ಮಾತು ಬರಲ್ಲ. ಆದ್ರೆ ಭಾರಿ ಚುರುಕು. ಹೊತ್ಕೊಂಡು ಬರೋದು ನನಗೆ ಬಿಡಿ.’

ಅವತ್ತಿಂದ ಹೊತ್ತ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಹತ್ತು ಮಾರಾಯ’ ಅನ್ನುತ್ತಿದ್ದ. ಪದ್ಮಮ್ಮ ಮಗನನ್ನು ಎತ್ತಿ ಅವನ ಬೆನ್ನಿಗೆ ಹಾಕಿ ಹಳೇ ಸೀರೆಯಲ್ಲಿ ಬಿಗಿಯುತ್ತಿದ್ದಳು. ಇಪ್ಪತ್ತೆಂಟು ವರ್ಷದ ಗಂಡಸು, ಕೂಸಿನ ಹಾಗೆ. ಬಸ್ಸಿನಲ್ಲಿ ಕಂಡಕ್ಟರ್ ಹೊಸಬನಾದರೆ, ‘ಲಗೇಜು ಹಿಂದೆ ಹಾಕ್ರೀ’ ಅಂತ ನಗುತ್ತಿದ್ದ. ಕರಿಯಪ್ಪ ಅವನ ಮುಖಕ್ಕೇ ಹೇಳುತ್ತಿದ್ದ: ‘ಲಗೇಜಲ್ಲ ಕಣಯ್ಯ, ಕಂಪ್ಯೂಟರ್ ಆಪರೇಟ್ರು. ಸೀಟು ಬಿಡ್ಸು.’

ಅಂಗಡಿಯ ಕಕ್ಕಸಿಗೆ ಎತ್ತರದ ಮೆಟ್ಟಿಲು. ಕರಕೊಂಡು ಹೋಗಿ, ಕೂರಿಸಿ, ತೊಳೆದು, ಪ್ಯಾಂಟು ಏರಿಸಿ ತರುವವನೂ ಕರಿಯಪ್ಪನೇ. ಅವನು ಲೋಡು ಇಳಿಸುತ್ತಿದ್ದರೆ ನವೀನ ತಡೆದುಕೊಳ್ಳಬೇಕು. ತಡೆಯಲಾಗದಿದ್ದರೆ ಒದ್ದೆಯಲ್ಲೇ ಕೂರಬೇಕು. ಕೂತಿದ್ದ. ಗಿರಾಕಿಯ ಹೆಂಡತಿ ಸೆರಗಲ್ಲಿ ಮೂಗು ಮುಚ್ಚಿಕೊಂಡದ್ದನ್ನು ನೋಡುತ್ತಾ ಕೂತಿದ್ದ. ಆಮೇಲಾಮೇಲೆ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟ. ಎಷ್ಟು ಬಾಯಾರಿದರೂ ಕುಡಿಯುತ್ತಿರಲಿಲ್ಲ.

ಅಂಗಡಿಯ ವಾರ್ಷಿಕೋತ್ಸವದಲ್ಲಿ ಷಡಕ್ಷರಪ್ಪ ಅವನಿಗೆ ಮಾತಾಡುವ ಟ್ಯಾಬ್ ಕೊಟ್ಟರು. ಶಾಲು ಹೊದಿಸಿದರು, ಫೋಟೋ ಪೇಪರಿನಲ್ಲಿ ಬಂತು. ಪರದೆಯ ಮೇಲಿನ ಅಕ್ಷರ ಒಂದೊಂದಾಗಿ ಮುಟ್ಟಿ, ಕೊನೆಗೆ ಸ್ಪೀಕರ್ ಗುರುತು ಒತ್ತಿದರೆ ಅದು ಓದಿ ಹೇಳುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಇದ್ದದ್ದು ಒಂದೇ ದನಿ. ಹೆಂಗಸಿನ ದನಿ, ವಾರ್ತೆ ಓದುವವಳ ಹಾಗೆ.

ಯಜಮಾನನ ಮಗ ಮಲ್ಲೇಶ ಅವತ್ತೇ ಹೆಸರಿಟ್ಟ. ‘ನವೀನಾ ಮೇಡಂ.’ ಪರದೆಯ ಮೇಲೆ ತಾನೇ ಒಂದು ಗುಂಡಿ ಮಾಡಿಟ್ಟ. ಒತ್ತಿದರೆ, ‘ನಮಸ್ಕಾರ, ನಮ್ಮ ಅಂಗಡಿಗೆ ಸ್ವಾಗತ, ನಾನು ನವೀನಾ’ ಅನ್ನುತ್ತಿತ್ತು. ಗಿರಾಕಿಗಳ ಮಕ್ಕಳು ಓಡಿ ಬಂದು ಒತ್ತಿ ಓಡುತ್ತಿದ್ದರು. ನವೀನ ಅರ್ಧ ಬರೆದ ಮಾತು ಅಲ್ಲಿಗೆ ಅಳಿಸಿಹೋಗುತ್ತಿತ್ತು.

ಆದರೂ ಅದು ಮಾತು. ಅದರಲ್ಲಿ ಅವನು ಮೊದಲು ಹೇಳಿದ್ದು ಕರಿಯಪ್ಪನಿಗೆ. ಊಟದ ಹೊತ್ತು ಪೂರ್ತಿ ಕೂತು ಬರೆದು ಒತ್ತಿದ.

‘ಕರಿಯಣ್ಣ ನಿನ್ನ ಬೀಡಿ ವಾಸನೆ ತಡೆಯಕ್ಕಾಗಲ್ಲ.’

ಕರಿಯಪ್ಪ ಮುಸುರೆ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಅಯ್ಯೋ ನಿನ್ನ! ಇಷ್ಟು ವರ್ಷ ಹೊತ್ತಿದ್ದಕ್ಕೆ ಇದಾ ಮೊದಲ್ನೇ ಮಾತು?’ ನಕ್ಕ, ಆದರೆ ಮಾರನೆಯ ದಿನದಿಂದ ನವೀನನನ್ನು ಇಳಿಸುವ ತನಕ ಬೀಡಿ ಮುಟ್ಟಲಿಲ್ಲ. ಕುಡಿತ ಇತ್ತು. ಭಾನುವಾರ ಕುಡಿಯುತ್ತಿದ್ದ. ಸೋಮವಾರ ಬೆಳಿಗ್ಗೆ ಕುತ್ತಿಗೆಯ ಬೆವರಿನಲ್ಲಿ ಹುಳಿ ವಾಸನೆ ಬರುತ್ತಿತ್ತು. ಉಳಿದ ದಿನ ಬರುತ್ತಿರಲಿಲ್ಲ. ನವೀನನಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರಿದ್ದಾರೆ?

ಟ್ಯಾಬು ಅಂಗಡಿಯದು. ಸಂಜೆ ಬಾಗಿಲು ಹಾಕುವಾಗ ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಮನೆಗೆ ಒಯ್ಯಲೇ ಅಂತ ನವೀನ ಒಮ್ಮೆ ಕೇಳಿದ. ಮಲ್ಲೇಶ ಅಂದ, ‘ಮನೇಲಿ ಯಾರ ಹತ್ರ ಏನು ಮಾತಾಡೋದಿದೆಯೋ ನಿಂಗೆ?’

ಮನೆಯಲ್ಲಿ ಅವನಿಗೆ ಕಣ್ಣೇ ಮಾತು. ಕಣ್ಣು ಮೇಲೆತ್ತಿದರೆ ಹೌದು. ಮುಚ್ಚಿದರೆ ಇಲ್ಲ. ಆ ಸನ್ನೆ ಬಲ್ಲವರು ಇಬ್ಬರು, ಪದ್ಮಮ್ಮ ಮತ್ತು ಕರಿಯಪ್ಪ.

ಅವತ್ತು ಗುರುವಾರ. ವಿದ್ಯಾನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬ ಬಂದು ಕೂತಿದ್ದ. ಅವನಿಗೆ ಬೇಕಾದ ಕಪ್ಪು ಕಲ್ಲು ಬೇರೆ ಕಲ್ಲುಗಳ ಹಿಂದುಗಡೆ ಇತ್ತು. ಅಂಗಳದಲ್ಲಿ ಗ್ರಾನೈಟ್ ಹಲಗೆಗಳನ್ನು ಕಬ್ಬಿಣದ ಸ್ಟ್ಯಾಂಡಿಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದರು. ಒಂದೊಂದೂ ಆಳೆತ್ತರ. ಮುಂದಿನವು ಬೀಳದ ಹಾಗೆ ಮರದ ಊರುಗೋಲು ಕೊಟ್ಟಿದ್ದರು. ಕಲ್ಲು ಎತ್ತುವ ಚೈನ್ ಪುಲ್ಲಿ ಕೆಟ್ಟು ಬಹಳ ದಿನವಾಗಿತ್ತು. ಕೆಲಸಕ್ಕೆ ಬಂದವರು ಇಬ್ಬರೇ, ಕರಿಯಪ್ಪ ಮತ್ತು ಸುದೀಪ್ ಅನ್ನುವ ಇನ್ನೊಬ್ಬ ಆಳು.

‘ಪುಲ್ಲಿ ಇಲ್ದೆ ಆಗಲ್ಲ ಮಲ್ಲೇಶಣ್ಣ,’ ಕರಿಯಪ್ಪ ಹೇಳಿದ. ‘ಇನ್ನಿಬ್ರಾದ್ರೂ ಬರ್ಲಿ.’

‘ದಿನಾ ಒಂದು ನಖರಾ ನಿಂದು. ಆ ಹೆಳವನ್ನ ಹೊತ್ಕೊಂಡು ಬರಕ್ಕೆ ಶಕ್ತಿ ಇರತ್ತೆ, ಕಲ್ಲು ಸರಿಸಕ್ಕೆ ಇರಲ್ವಾ? ಪಾರ್ಟಿ ಕಾಯ್ತಿದಾರೆ. ಆ ಮರ ತೆಗಿ.’

ಕರಿಯಪ್ಪ ಕಲ್ಲಿನ ಸಾಲನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಲುಂಗಿ ಎತ್ತಿ ಕಟ್ಟಿದ. ಮರ ತೆಗೆದ.

ನವೀನನ ಮೇಜು ಅಂಗಳಕ್ಕೆ ಎದುರಾಗಿತ್ತು. ಕೂತಲ್ಲಿಂದ ಕಲ್ಲಿನ ಮೇಲಂಚು ಕಾಣುತ್ತಿತ್ತು. ಆ ಅಂಚು ಸ್ಟ್ಯಾಂಡಿನಿಂದ ಮುಂದಕ್ಕೆ ಸರಿಯಿತು. ಸ್ವಲ್ಪವೇ ಸರಿಯಿತು. ಅಂಗಳದಲ್ಲಿದ್ದವರಿಗೆ ಅದು ಕಾಣುವಂತಿರಲಿಲ್ಲ. ನವೀನನ ಗೆಣ್ಣು ಟ್ಯಾಬಿನ ಮೇಲೆ ಬಡಿಯಿತು. ಎಲ್ಲೋ ಬಡಿಯಿತು. ಒಂದು ಅಕ್ಷರವೂ ಮೂಡಲಿಲ್ಲ. ಅವನು ಬಾಯಿ ತೆರೆದು ಕೂಗಿದ. ಮೈಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದ.

ಮಲ್ಲೇಶ ತಿರುಗಿಯೂ ನೋಡಲಿಲ್ಲ. ‘ಅವನಿಗೆ ಉಚ್ಚೆ ಬಂದಿರ್ಬೇಕು. ಆಮೇಲೆ ನೋಡಿದ್ರಾಯ್ತು.’

ಕರಿಯಪ್ಪನಿಗೆ ಮಾತ್ರ ಗೊತ್ತಿತ್ತು, ಉಚ್ಚೆಯ ಕೂಗು ಬೇರೆ ಅಂತ. ಅವನು ನವೀನನ ಕಡೆ ತಿರುಗಿದ. ಹುಬ್ಬೆತ್ತಿ ಏನು ಅಂತ ಕೇಳಿದ.

ಕಲ್ಲು ಬಿತ್ತು.

ಆಸ್ಪತ್ರೆ ಮುಟ್ಟುವ ಮೊದಲೇ ಕರಿಯಪ್ಪನ ಜೀವ ಹೋಗಿತ್ತು. ಅಂಗಳ ತೊಳೆದರು. ನವೀನ ಕುರ್ಚಿಯಲ್ಲೇ ಇದ್ದ. ಅವನನ್ನು ಕಕ್ಕಸಿಗೆ ಕರಕೊಂಡು ಹೋಗುವವರು ಯಾರೂ ಇರಲಿಲ್ಲ. ಪ್ಯಾಂಟು ಒದ್ದೆಯಾಗಿ ಅಲ್ಲೇ ಒಣಗಿತು.

ಮಧ್ಯಾಹ್ನ ಪೊಲೀಸಿನವರು ಬಂದರು. ಮಲ್ಲೇಶ ಹೇಳಿದ, ‘ಬೆಳಿಗ್ಗೇನೇ ಕುಡಿದು ಬಂದಿದ್ದ ಸಾರ್. ಬೇಡ ಬೇಡ ಅಂದ್ರೂ ತಾನೇ ಮರ ಕಿತ್ತ.’ ಸುದೀಪನನ್ನು ಕೇಳಿದರು. ಸುದೀಪ ನೆಲ ನೋಡಿದ. ‘ನಂಗೆ ಗೊತ್ತಾಗ್ಲಿಲ್ಲ ಸಾರ್.’ ಅವನ ಮನೆಯಲ್ಲಿ ಎಳೆ ಕೂಸಿತ್ತು.

ನವೀನ ಮೇಜು ಬಡಿದ. ಮತ್ತೆ ಬಡಿದ. ಪೊಲೀಸಿನವನು ಹತ್ತಿರ ಬಂದ. ‘ಇವನೇನೋ ಹೇಳ್ತಾನಾ?’

ನವೀನ ಬರೆಯತೊಡಗಿದ. ‘ಕರಿಯಪ್ಪ ಕುಡಿದು ಬಂದಿರಲಿಲ್ಲ’ ಅಂತ ಬರೆಯಬೇಕಿತ್ತು. ಒಂದು ಅಕ್ಷರ ಮುಟ್ಟಲು ಹೋದರೆ ಪಕ್ಕದ್ದಕ್ಕೆ ತಾಗುತ್ತಿತ್ತು. ಅಳಿಸಿ ಮತ್ತೆ ಮುಟ್ಟುತ್ತಿದ್ದ. ಪೊಲೀಸಿನವನು ಫೋನ್ ನೋಡಿಕೊಂಡ. ಮಲ್ಲೇಶ ನವೀನನ ಹೆಗಲ ಮೇಲಿಂದ ಬಗ್ಗಿ ಪರದೆ ಓದುತ್ತಿದ್ದ. ‘ಕರಿಯಪ್ಪ ಕುಡಿದು’ ಅನ್ನುವಷ್ಟು ಆಗಿತ್ತು. ಮಲ್ಲೇಶನ ಕೈ ಮುಂದೆ ಬಂದು ಸ್ಪೀಕರ್ ಗುರುತು ಒತ್ತಿತು.

‘ಕರಿಯಪ್ಪ ಕುಡಿದು,’ ಅಂದಳು ಹೆಂಗಸು.

‘ನೋಡಿ ಸಾರ್. ಇವನೂ ಅದನ್ನೇ ಹೇಳ್ತಿದಾನೆ.’

ಪೊಲೀಸಿನವನು ಬರೆದುಕೊಂಡ. ನವೀನ ಕುರ್ಚಿಯಲ್ಲಿ ಎದ್ದೆದ್ದು ಬಿದ್ದ, ಕೂಗಿದ. ‘ಪಾಪ, ಜೊತೆಗಾರ ಸತ್ನಲ್ಲ, ಶಾಕ್ ಆಗಿದೆ,’ ಅಂತ ಮಲ್ಲೇಶ ಟ್ಯಾಬು ತೆಗೆದು ಡ್ರಾಯರಿಗೆ ಹಾಕಿದ. ಬೀಗ ಬಿತ್ತು. ಸಂಜೆ ಸುದೀಪ ಅವನನ್ನು ಆಟೋದಲ್ಲಿ ಭದ್ರಾವತಿಗೆ ತಂದು ಬಿಟ್ಟ.

ಹಾಲುತುಪ್ಪದ ದಿನ ಕರಿಯಪ್ಪನ ಹೆಂಡತಿ ಕಲ್ಲಮ್ಮ ಎಲ್ಲರ ಜೊತೆ ಹೂತ ಮಣ್ಣಿಗೆ ಹಾಲು ಹುಯ್ದು ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ಬಂದವಳು ನೇರ ನವೀನನ ಮನೆಗೆ ನುಗ್ಗಿದಳು.

‘ಅವರೆಲ್ಲ ಏನಾದ್ರೂ ಅನ್ಲಿ. ನೀನೂ ಹಂಗೇ ಹೇಳಿದ್ಯಂತಲ್ಲ. ನಿಜಾನಾ? ಕುಡ್ಕೊಂಡು ಬಂದಿದ್ನಾ ಅವನು?’

ನವೀನ ತಲೆ ಅಲ್ಲಾಡಿಸಿದ. ಅವನ ತಲೆ ಮೊದಲೇ ಅಲ್ಲಾಡುವಂಥದು. ಅಲ್ಲಾಡಿಸಿದರೆ ಯಾರಿಗೆ ತಿಳಿಯಬೇಕು? ಕಣ್ಣು ಮುಚ್ಚಿದ. ಬಿಗಿಯಾಗಿ ಮುಚ್ಚಿದ. ತೆರೆದು ಮತ್ತೆ ಮುಚ್ಚಿದ. ಕಲ್ಲಮ್ಮ ಪದ್ಮಮ್ಮನ ಮುಖ ನೋಡಿದಳು.

‘ಏನಂತಾನೆ ಪದ್ಮಕ್ಕ?’

ಪದ್ಮಮ್ಮ ಮಗನನ್ನು ನೋಡಿದಳು. ಅವನು ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಅವಳಿಗೆ ಅರ್ಥವಾಯಿತು ಅನ್ನುವುದು ನವೀನನಿಗೂ ಗೊತ್ತಾಗಿತ್ತು.

‘ಏನೂ ಗೊತ್ತಿಲ್ವಂತೆ ಕಲ್ಲಕ್ಕ,’ ಅಂದಳು ಪದ್ಮಮ್ಮ. ‘ಅವನೇನೂ ಸರಿಯಾಗಿ ನೋಡ್ಲಿಲ್ವಂತೆ.’

ಕಲ್ಲಮ್ಮ ಬಾಗಿಲ ಕಡೆ ತಿರುಗಿದಳು. ‘ಮನೆ ಹಾಳ,’ ಅಂತ ಸತ್ತ ಗಂಡನಿಗೆ ಬೈದಳು. ‘ವಾರದ ನಡುವೇನೂ ಶುರು ಹಚ್ಕೊಂಡಿದ್ದ ನೋಡು. ನಮ್ಮನ್ನ ಬೀದಿಗೆ ಹಾಕಿ ಹೋದ.’ ಹೊರಟು ಹೋದಳು.

ಆ ಸಂಜೆ ಪದ್ಮಮ್ಮ ಅನ್ನ ಕಲಸಿ ತುತ್ತು ತಂದಾಗ ನವೀನ ಹಲ್ಲು ಕಚ್ಚಿದ. ಬಾಯಿ ತೆರೆಯಲಿಲ್ಲ. ಮಾರನೆಯ ದಿನವೂ ತೆರೆಯಲಿಲ್ಲ. ಅವಳು ಗಲ್ಲ ಹಿಡಿದು ತುರುಕಿದಳು, ಅವನು ಉಗಿದ. ಅನ್ನ ಅವಳ ಸೀರೆ ಮೇಲೆಲ್ಲ ಬಿತ್ತು.

‘ನಾನೇನ್ ಮಾಡ್ಲೋ!’ ಪದ್ಮಮ್ಮ ಕೂಗಿದಳು. ‘ಆ ಕೆಲಸವೂ ಹೋದ್ರೆ, ನಾನು ಸತ್ತ ಮೇಲೆ ನಿಂಗೆ ತುತ್ತು ಇಡೋರು ಯಾರೋ? ಹೊರೋನು ಹೋದ. ಸತ್ತೋನು ಸತ್ತ. ಕುಡಿದಿದ್ದ ಅಂದ್ರೇನು, ಕುಡಿದಿಲ್ಲ ಅಂದ್ರೇನು, ಎದ್ದು ಬರ್ತಾನಾ?’

ನವೀನ ಕಣ್ಣು ಮುಚ್ಚಿದ. ಇಲ್ಲ. ಅದು ಯಾವುದಕ್ಕೆ ಇಲ್ಲ ಅಂತ ಪದ್ಮಮ್ಮ ಕೇಳಲಿಲ್ಲ. ಬಟ್ಟಲು ಕೆಳಗಿಟ್ಟು ಗೋಡೆಗೆ ಹಣೆ ಕೊಟ್ಟು ಕೂತಳು. ಕೊನೆಗೆ ಅವಳು ಅಳುವುದನ್ನು ನೋಡಲಾರದೆ ಅವನೇ ಬಾಯಿ ತೆರೆದ.

ಕಲ್ಲಮ್ಮನ ತಮ್ಮ ಪರಿಹಾರಕ್ಕೆ ಅರ್ಜಿ ಹಾಕಿದ್ದ. ವಿಚಾರಣೆಗೆ ತಾರೀಖು ಬಂತು. ತಾರೀಖಿನ ಹಿಂದಿನ ದಿನ ವಠಾರದ ಮುಂದೆ ಕಾರು ನಿಂತಿತು. ಷಡಕ್ಷರಪ್ಪ ಬಾಳೆಹಣ್ಣು ಹಿಡಿದು ಒಳಗೆ ಬಂದರು. ಚಾಪೆಯ ಮೇಲೆ, ನವೀನನ ಪಕ್ಕದಲ್ಲೇ ಕೂತರು. ಜೋರು ಮಾತಿನ ಮನುಷ್ಯರಲ್ಲ.

‘ಪದ್ಮಮ್ಮ, ಇವನನ್ನ ನನ್ನ ಮಗನ ಥರ ನೋಡ್ಕೊಂಡಿದೀನಿ. ಹೌದೋ ಅಲ್ವೋ?’

‘ಹೌದು ಯಜಮಾನ್ರೇ.’

‘ನಾಳೆ ಅವನೊಂದು ಮಾತು ಹೇಳ್ಬೇಕು. ಹೊಸದೇನಲ್ಲ, ಪೊಲೀಸಿನವರ ಮುಂದೆ ಹೇಳಿದ್ದೇ. ಬರೆಯೋ ಕಷ್ಟಾನೂ ಬೇಡ. ಮಲ್ಲೇಶ ರೆಡಿ ಮಾಡಿ ಹಾಕಿದಾನೆ.’

ಟ್ಯಾಬು ಹೊರಗೆ ತೆಗೆದರು. ಪರದೆಯ ಮೇಲೆ ದೊಡ್ಡದೊಂದು ಕೆಂಪು ಗುಂಡಿ. ಷಡಕ್ಷರಪ್ಪ ತಾವೇ ಒತ್ತಿ ತೋರಿಸಿದರು.

‘ಕರಿಯಪ್ಪ ಅವರು ಅಂದು ಬೆಳಿಗ್ಗೆ ಕುಡಿದು ಬಂದಿದ್ದರು. ಮರದ ಆಧಾರವನ್ನು ಅವರೇ ತೆಗೆದರು,’ ಅಂದಳು ಆ ಹೆಂಗಸು. ಅವಳ ದನಿ ಆ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು.

‘ಇಷ್ಟು ಮುಗಿದ್ಮೇಲೆ ಈ ಟ್ಯಾಬು ನಿಂದೇ ಕಣಪ್ಪ. ಮನೇಲೇ ಇಟ್ಕೋ. ಅಮ್ಮನ ಹತ್ರ ಮಾತಾಡ್ಕೊಂಡಿರು. ನಾಡಿದ್ದಿಂದ ಅಂಗಡಿಗೆ ಕರ್ಕೊಂಡು ಹೋಗಕ್ಕೆ ಆಟೋನೂ ಗೊತ್ತು ಮಾಡ್ತೀನಿ.’

ನವೀನನಿಗೆ ಆಸೆಯಾಯಿತು. ಇದನ್ನು ಮುಚ್ಚಿಡಬಾರದು, ಅವನಿಗೆ ಆಸೆಯಾಯಿತು. ಅಮ್ಮನಿಗೆ ಹೇಳಬೇಕಾದ ಮಾತು ಇಪ್ಪತ್ತೆಂಟು ವರ್ಷದಿಂದ ಒಳಗೇ ಬಿದ್ದಿತ್ತು. ಬೆನ್ನು ನೋಯುತ್ತೆ, ಮಗ್ಗುಲು ಬದಲಿಸು ಅನ್ನುವುದರಿಂದ ಹಿಡಿದು. ಟ್ಯಾಬನ್ನು ನೋಡುತ್ತಲೇ ಇದ್ದ. ಷಡಕ್ಷರಪ್ಪ ಅದನ್ನು ಒಪ್ಪಿಗೆ ಅಂದುಕೊಂಡು ಎದ್ದರು. ಹೋಗುವಾಗ ಟ್ಯಾಬನ್ನು ಮರೆಯದೆ ತೆಗೆದುಕೊಂಡರು.

ವಿಚಾರಣೆ ಇದ್ದದ್ದು ಶಿವಮೊಗ್ಗದ ಒಂದು ಸರಕಾರಿ ಕಚೇರಿಯಲ್ಲಿ, ಮಹಡಿಯ ಮೇಲೆ. ಲಿಫ್ಟ್ ಇರಲಿಲ್ಲ. ನವೀನನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಸುದೀಪ ಮತ್ತು ಕಾರಿನ ಡ್ರೈವರ್ ಹೊತ್ತು ಮೇಲೆ ತಂದರು. ಹಿಂದೆ ಪದ್ಮಮ್ಮ ಬಂದಳು. ಒಂದು ಕಡೆ ಷಡಕ್ಷರಪ್ಪ, ಮಲ್ಲೇಶ, ಅವರ ವಕೀಲ. ಇನ್ನೊಂದು ಕಡೆ ಕಲ್ಲಮ್ಮ ಒಬ್ಬಳೇ. ತಮ್ಮನಿಗೆ ರಜೆ ಸಿಕ್ಕಿರಲಿಲ್ಲ. ಅವಳು ನವೀನನ ಮುಖ ನೋಡಲಿಲ್ಲ.

ಅಧಿಕಾರಿ ಕನ್ನಡಕ ಏರಿಸಿ, ‘ಹೂಂ, ಹೇಳಪ್ಪ,’ ಅಂದರು.

ಮಲ್ಲೇಶ ಟ್ಯಾಬನ್ನು ನವೀನನ ತೊಡೆಯ ಮೇಲಿಟ್ಟ. ಕೆಂಪು ಗುಂಡಿ ಹೊಳೆಯುತ್ತಿತ್ತು. ನವೀನನ ಕೈ ಮೇಲೆದ್ದು, ಅಡ್ಡಾಡಿ, ಗುಂಡಿಯ ಮೇಲೆ ಕೂತಿತು. ಆದರೆ ಒತ್ತಿ ಬಿಡಲಿಲ್ಲ. ಒತ್ತಿ ಹಿಡಿಯಿತು. ಅಳಿಸಬೇಕೆ ಅಂತ ಟ್ಯಾಬು ಕೇಳಿತು. ಗೆಣ್ಣು ‘ಹೌದು’ ಅನ್ನುವುದನ್ನು ಮುಟ್ಟಿತು. ಗುಂಡಿ ಹೋಯಿತು.

ನವೀನ ಅಕ್ಷರ ಮುಟ್ಟತೊಡಗಿದ.

‘ಅವನಿಗೆ ಕನ್ಫ್ಯೂಸ್ ಆಗಿದೆ ಸಾರ್, ನಾನು ಸರಿ ಮಾಡ್ತೀನಿ,’ ಅಂತ ಮಲ್ಲೇಶ ಕೈ ಚಾಚಿದ. ನವೀನ ಟ್ಯಾಬಿನ ಮೇಲೆ ಬೋರಲು ಬಗ್ಗಿದ. ಎದೆಯನ್ನೇ ಅಡ್ಡ ಹಾಕಿದ. ಜೊಲ್ಲು ಪರದೆಯ ಮೇಲೆ ಸೋರಿತು. ಅವನ ಕೈ ಎದೆಯಡಿಯಲ್ಲಿ ಅಕ್ಷರ ಹುಡುಕುತ್ತಿತ್ತು. ಮಲ್ಲೇಶ ಅವನ ಭುಜ ಹಿಡಿದು ಎತ್ತಲು ನೋಡಿದ.

‘ಕೈ ತೆಗಿ.’

ಹೇಳಿದ್ದು ಪದ್ಮಮ್ಮ. ಅವಳ ಗಂಟಲಿಂದ ಅಂಥ ದನಿಯನ್ನು ನವೀನನೂ ಕೇಳಿರಲಿಲ್ಲ.

‘ಕೈ ತೆಗಿ ಅಂದೆ. ಅವನು ಬರೀತಿದಾನೆ.’

‘ಏನಮ್ಮ, ಹಿಂಗೆಲ್ಲ...’ ವಕೀಲ ಎದ್ದ.

‘ನನ್ನ ಮಗ ಬರೀತಿದಾನೆ. ಬರೆದು ಮುಗಿಸ್ಲಿ.’ ಅವಳು ಬಂದು ಮಗನ ಮತ್ತು ಮಲ್ಲೇಶನ ನಡುವೆ ನಿಂತಳು.

ಅಧಿಕಾರಿ ಕಾದರು. ಗಡಿಯಾರ ನೋಡಿದರು. ಇನ್ನೊಂದಿಷ್ಟು ಕಾದರು. ‘ಊಟ ಮುಗಿಸಿ ಬರ್ತೀನಿ, ಅಷ್ಟರಲ್ಲಿ ಆಗತ್ತಾ ನೋಡಿ,’ ಅಂತ ಎದ್ದರು. ಯಜಮಾನರು, ವಕೀಲರು ಎದ್ದರು. ಕೋಣೆ ಖಾಲಿಯಾಯಿತು. ಕಲ್ಲಮ್ಮ ಏಳಲಿಲ್ಲ. ಅವಳೂ ಉಂಡಿರಲಿಲ್ಲ. ನವೀನ ಬರೆಯುತ್ತಿದ್ದ. ಒಂದು ಅಕ್ಷರ, ಅಳಿಸು, ಮತ್ತೆ ಅದೇ ಅಕ್ಷರ. ಕುತ್ತಿಗೆ ನರ ಬಿಗಿದು ಹಗ್ಗವಾಗಿತ್ತು. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಪದ್ಮಮ್ಮ ಸೆರಗಿನಿಂದ ಪರದೆಯ ಜೊಲ್ಲು ಒರೆಸುತ್ತಿದ್ದಳು. ಮೂಡುತ್ತಿದ್ದ ಮಾತನ್ನು ಅವಳು ಓದುತ್ತಿದ್ದಳು. ಓದಿ ಮತ್ತೆ ಒರೆಸುತ್ತಿದ್ದಳು.

ಎಲ್ಲರೂ ಊಟ ಮುಗಿಸಿ ಬಂದು ಕೂತ ಮೇಲೆ ನವೀನ ಸ್ಪೀಕರ್ ಗುರುತು ಒತ್ತಿದ.

‘ನನ್ನ ಹೆಸರು ನವೀನ. ಇದು ನನ್ನ ಮಾತು. ಪೊಲೀಸಿನವರ ಮುಂದೆ ನನ್ನ ಮಾತು ಮುಗಿದಿರಲಿಲ್ಲ. ಮಲ್ಲೇಶಣ್ಣ ಅರ್ಧಕ್ಕೆ ಒತ್ತಿದರು. ಕರಿಯಣ್ಣ ಕುಡಿದು ಬಂದಿರಲಿಲ್ಲ. ನಾನು ಅವನ ಬೆನ್ನ ಮೇಲೆ ಬಂದೆ. ನನ್ನ ಮೂಗು ಅವನ ಕುತ್ತಿಗೆ ಹತ್ತಿರ ಇತ್ತು. ಬೆವರಿನ ವಾಸನೆ ಇತ್ತು. ಸೋಪಿನ ವಾಸನೆ ಇತ್ತು. ಕುಡಿದ ವಾಸನೆ ಇರಲಿಲ್ಲ. ಪುಲ್ಲಿ ಕೆಟ್ಟಿತ್ತು. ಅವನು ಆಗಲ್ಲ ಅಂದ. ಮರ ತೆಗಿ ಅಂದವರು ಮಲ್ಲೇಶಣ್ಣ. ಕಲ್ಲು ವಾಲಿದ್ದು ನಾನು ನೋಡಿದೆ. ಕೂಗಿದೆ. ಅವನು ನನ್ನ ಕಡೆ ತಿರುಗಿದ. ಕೂಗದೆ ಇದ್ದಿದ್ದರೆ ಉಳಿಯುತ್ತಿದ್ದನೋ ಏನೋ. ಕಲ್ಲಕ್ಕ, ಅದೊಂದು ನನಗೆ ಗೊತ್ತಿಲ್ಲ.’

ವಾರ್ತೆ ಓದುವವಳ ಹಾಗೆ, ಎಲ್ಲೂ ತಡವರಿಸದೆ, ದುಃಖವೇ ಇಲ್ಲದೆ ಅವಳು ಅದನ್ನೆಲ್ಲ ಹೇಳಿ ಮುಗಿಸಿದಳು. ಮೂಲೆಯಲ್ಲಿ ಗುಮಾಸ್ತನೊಬ್ಬ ಕಿಸಕ್ಕಂದ. ಗಂಡಸಿನ ಬಾಯಲ್ಲಿ ಹೆಂಗಸಿನ ದನಿ ಅಂತ.

ವಕೀಲ ಎದ್ದು ನಿಂತ. ‘ಸಾರ್, ಇದು ಮೆಷಿನ್ನು. ಒಳಗೆ ಯಾರು ಏನು ತುಂಬಿದಾರೋ. ತಾಯೀನೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದಾಳೆ. ಈತನ ಬುದ್ಧಿ ಸರಿ ಇದೆ ಅನ್ನೋದಕ್ಕೆ ಏನು ಆಧಾರ?’

‘ಪೊಲೀಸಿನವರ ಮುಂದೆ ಇದೇ ಮೆಷಿನ್ ಹೇಳಿದ್ದಕ್ಕೆ ಆಧಾರ ಬೇಕಾಗಿರ್ಲಿಲ್ವಾ?’ ಪದ್ಮಮ್ಮ ಕೇಳಿದಳು.

ಅಧಿಕಾರಿ ಕೆಟ್ಟವರಂತೆ ಕಾಣಲಿಲ್ಲ. ಸುಸ್ತಾದವರಂತೆ ಕಂಡರು. ಡಾಕ್ಟರ ಸರ್ಟಿಫಿಕೇಟ್ ಬೇಕು, ಇದನ್ನು ಬಲ್ಲ ತಜ್ಞರು ಬೇಕು, ಮುಂದಿನ ತಾರೀಖಿಗೆ ನೋಡೋಣ ಅಂದರು. ಗುಮಾಸ್ತನಿಗೆ ಹೇಳಿ ಬರೆಸಿದರು: ‘ಸಾಕ್ಷಿಗೆ ಮಾತು ಬರುವುದಿಲ್ಲ. ಮುಂದೂಡಲಾಗಿದೆ.’

ನವೀನ ಮತ್ತೆ ಒತ್ತಿದ. ‘ನನ್ನ ಹೆಸರು ನವೀನ. ಇದು ನನ್ನ ಮಾತು,’ ಅಂತ ಅವಳು ಶುರು ಮಾಡಿದಳು. ಮಲ್ಲೇಶ ಬಂದು ಟ್ಯಾಬನ್ನು ಅವನ ತೊಡೆಯಿಂದ ಕಿತ್ತುಕೊಂಡ. ‘ನಮ್ಮ ಅಂಗಡಿ ಮಾಲು ಸಾರ್ ಇದು.’ ಅವಳ ಮಾತು ಅವನ ಬ್ಯಾಗಿನೊಳಗೆ ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ಷಡಕ್ಷರಪ್ಪ ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿದರು. ‘ಹಾಲು ಕುಡಿಸಿದ್ದಕ್ಕೆ ಒಳ್ಳೇ ಬಹುಮಾನ ಕೊಟ್ಟೆ ಕಣಪ್ಪ,’ ಅಂದರು. ನಿಜವಾಗಿಯೂ ನೊಂದವರ ಹಾಗೆ ಹೇಳಿ ಇಳಿದು ಹೋದರು. ಸುದೀಪ ಕುರ್ಚಿಯ ಹತ್ತಿರ ಬಂದ, ಬಗ್ಗಿದ, ಕೆಳಗಿನಿಂದ ಮಲ್ಲೇಶ ಕರೆದ. ಸುದೀಪ ಕುರ್ಚಿ ಬಿಟ್ಟು ಓಡಿದ. ಕಾರು ಹೊರಟ ಸದ್ದು ಕೇಳಿಸಿತು.

ಪದ್ಮಮ್ಮ ಕುರ್ಚಿಯನ್ನು ಅಧಿಕಾರಿಯ ಕೋಣೆಯ ಹೊರಗೆ ಎಳೆದು ತಂದಳು. ಮಹಡಿಯ ಮೊಗಸಾಲೆಯಲ್ಲಿ ಮೂವರೇ ಉಳಿದರು. ನವೀನನಿಗೆ ಈಗ ದನಿಯೂ ಇಲ್ಲ, ಕೆಲಸವೂ ಇಲ್ಲ, ಕೆಳಗಿಳಿಸುವವರೂ ಇಲ್ಲ. ಪದ್ಮಮ್ಮ ಅವನ ಮುಖ ಒರೆಸಿದಳು.

‘ಅವತ್ತು ನಿನ್ನ ಮುಂದೆ ಸುಳ್ಳು ಹೇಳಿದ್ದು ನಾನು ಕಲ್ಲಕ್ಕ,’ ಅಂದಳು, ತಿರುಗದೆಯೇ. ‘ಇವನು ಅವತ್ತೇ ಇಲ್ಲ ಅಂದಿದ್ದ.’

ಕಲ್ಲಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ಕುರ್ಚಿಯ ಮುಂದೆ ನೆಲಕ್ಕೆ ಕೂತಳು.

‘ಸೋಪಿನ ವಾಸನೆ ಅಂದ್ಯಲ್ಲ ನವೀನ,’ ಅಂದಳು. ‘ಅವತ್ತು ಬೆಳಿಗ್ಗೆ ನೀರು ಹುಯ್ದವಳು ನಾನೇ ಕಣೋ. ಬೆನ್ನು ಉಜ್ಜು ಅಂದ. ಉಜ್ಜಿದೆ. ಹೆಗಲ ಮೇಲೆ ನಿನ್ನ ಕಟ್ಟೋ ಸೀರೆಯ ಬರೆ ಇತ್ತು. ಅಲ್ಲಿ ಮೆಲ್ಲಗೆ ಅಂದ.’

ಅವಳು ತನ್ನ ಅಂಗೈ ನೋಡಿಕೊಂಡಳು.

‘ಮನೇಲಿ ಕುಡಿದಿರ್ಲಿಲ್ಲ, ನಂಗೆ ಗೊತ್ತಿತ್ತು. ಶಿವಮೊಗ್ಗದಲ್ಲಿ ಇಳಿದು ಕುಡಿದಿರ್ಬೇಕು ಅಂದ್ಕೊಂಡೆ. ನೀನೂ ಹೇಳ್ದೆ ಅಂದ್ಮೇಲೆ ನಂಬಿಬಿಟ್ಟೆ. ದಿನಾ ಬೈದೆ. ಅವನ ಫೋಟೋಕ್ಕೆ ಒಂದು ಹೂವು ಇಡ್ಲಿಲ್ಲ. ಮಣ್ಣಿಗೆ ಹಾಲು ಹುಯ್ಯುವಾಗ್ಲೂ ಬೈದೆ ಕಣೋ.’

ಹೇಳುತ್ತ ಹೇಳುತ್ತ ಅವಳು ಒಡೆದು ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಎದೆ ಬಡಿದುಕೊಂಡು, ಅವನ ಹೆಸರು ಹಿಡಿದು ಕೂಗಿ ಅತ್ತಳು. ಪದ್ಮಮ್ಮ ಅವಳನ್ನು ತಬ್ಬಲು ಹೋದವಳು ತಾನೂ ಕುಸಿದು ಕೂತಳು. ನವೀನ ಕುರ್ಚಿಯಿಂದ ಜಾರುತ್ತ ಜಾರುತ್ತ ಅವರ ಕಡೆ ಬಾಗಿದ. ಅವನ ಕೈ ಕಲ್ಲಮ್ಮನ ತಲೆಗೆ ತಾಗಿತು. ಮೆಲ್ಲಗೆ ಇಡಬೇಕೆಂದಿದ್ದ, ಬಡಿದ ಹಾಗಾಯಿತು. ಅವಳು ಆ ಕೈಯನ್ನು ಹಿಡಿದುಕೊಂಡಳು.

ಒಳಗಿನಿಂದ ಜವಾನ ಬಂದ. ‘ಏ ಏನಮ್ಮ ಇದು? ಸಾಹೇಬ್ರಿಗೆ ಡಿಸ್ಟರ್ಬ್ ಆಗತ್ತೆ. ಅಳೋದಾದ್ರೆ ಕೆಳಗೆ ಹೋಗಿ ಅಳಿ.’

ಕಲ್ಲಮ್ಮ ತಲೆ ಎತ್ತಿದಳು.

‘ಹೋಗಲ್ಲ,’ ಅಂದಳು. ‘ಇಲ್ಲೇ ಅಳ್ತೀನಿ. ಕೇಳಿಸ್ಕೊಳ್ಳಲಿ.’

ಜವಾನ ಮೂವರನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅವಳು ಇನ್ನೂ ಜೋರಾಗಿ ಅತ್ತಳು.